ಒಂದು ಸಂಜೆಯ ನಾಟಕಕ್ಕೆ ಎಷ್ಟು ಪರ್ಮಿಷನ್?

ನಮ್ಮ ಹವ್ಯಾಸಿ ತಂಡದ ನಾಟಕ ಮೊನ್ನೆ ಮುಗಿಯಿತು. ನಾಟಕ ಹೇಗಿತ್ತು ಅಂತ ಕೇಳಿದವರಿಗಿಂತ "ಪರ್ಮಿಷನ್ ಹೇಗೆ ಮಾಡಿಸಿದ್ರಿ?" ಅಂತ ಕೇಳಿದವರೇ ಜಾಸ್ತಿ. ಪಕ್ಕದ ತಾಲ್ಲೂಕಿನ ತಂಡದವರೂ ಫೋನ್ ಮಾಡಿದ್ದರು. ಎಲ್ಲರಿಗೂ ಮೊದಲಿಂದ ಹೇಳುತ್ತಾ ಕೂರುವ ಬದಲು ಒಮ್ಮೆ ಬರೆದೇ ಬಿಡೋಣ ಅನ್ನಿಸಿತು.

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. "ನಾಟಕದ ಪರ್ಮಿಷನ್" ಅಂತ ಒಂದೇ ಕಾಗದ ಎಲ್ಲೂ ಸಿಗುವುದಿಲ್ಲ. ನಾಟಕ ಬರೆದವರ ಒಪ್ಪಿಗೆ ಬೇರೆ, ಮೈದಾನದ್ದು ಬೇರೆ, ಮೈಕಿನದ್ದು ಬೇರೆ, ಕರೆಂಟಿನದ್ದು ಬೇರೆ. ಒಬ್ಬರು ಹೂಂ ಅಂದರೆ ಅದು ಅವರ ಪಾಲಿನದ್ದಕ್ಕೆ ಮಾತ್ರ. ಪುರಸಭೆ ಮೈದಾನ ಕೊಟ್ಟಿದೆ ಅಂತ ಮೈಕ್ ಹಾಕುವ ಹಾಗಿಲ್ಲ. ಪೊಲೀಸರು ಮೈಕಿಗೆ ಒಪ್ಪಿದರು ಅಂತ ನಾಟಕಕಾರರು ಒಪ್ಪಿದ ಹಾಗಾಗುವುದಿಲ್ಲ.

ನಾವು ಶುರು ಮಾಡಿದ್ದು ನಾಟಕಕಾರರಿಂದ. ತಂಡದಲ್ಲಿ ಇದೇ ದೊಡ್ಡ ವಾದವಾಯಿತು. "ಊರೂರಲ್ಲಿ ಆಡ್ತಾರೆ, ಯಾರು ಕೇಳ್ತಾರೆ?" ಅನ್ನುವುದು ಒಂದು ಕಡೆ. ನಮ್ಮಲ್ಲೊಬ್ಬರು ವಕೀಲರಿದ್ದಾರೆ, ನಾಟಕದಲ್ಲಿ ಅವರದು ಕಳ್ಳನ ಪಾತ್ರ. ಅವರು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ತೆಗೆದು ತೋರಿಸಿದರು. ಹವ್ಯಾಸಿ ಸಂಘದವರು ಹಣ ಕೊಡದ ಪ್ರೇಕ್ಷಕರ ಮುಂದೆ ಆಡಿದರೆ, ಇಲ್ಲವೇ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಆಡಿದರೆ, ಅದು ಹಕ್ಕಿನ ಉಲ್ಲಂಘನೆ ಅಲ್ಲ. ನಮ್ಮದು ಶಾಲೆಯ ಗ್ರಂಥಾಲಯಕ್ಕಾಗಿ 100 ರೂಪಾಯಿ ಟಿಕೆಟ್ ಇಟ್ಟ ಪ್ರದರ್ಶನ. ಉದ್ದೇಶ ಒಳ್ಳೆಯದು, ಆದರೆ ಪ್ರೇಕ್ಷಕರು ಹಣ ಕೊಡುತ್ತಾರೆ. ಶಾಲೆ ಧಾರ್ಮಿಕ ಸಂಸ್ಥೆಯೂ ಅಲ್ಲ. ಹಾಗಾಗಿ ಆ ವಿನಾಯಿತಿ ನಮಗೆ ಇಲ್ಲ.

ನಾಟಕಕಾರರು ಹಿರಿಯರು. ಫೋನಿನಲ್ಲಿ ತುಂಬಾ ಪ್ರೀತಿಯಿಂದ ಮಾತಾಡಿದರು. "ಆಡಿ ಅಮ್ಮ, ಸಂತೋಷ" ಅಂದರು. ವಕೀಲರು ಅಷ್ಟಕ್ಕೆ ಬಿಡಲಿಲ್ಲ, ಬರವಣಿಗೆಯಲ್ಲಿ ತರಿಸಿ ಅಂದರು. ಹಿರಿಯರ ಹತ್ತಿರ ಕಾಗದ ಕೇಳಲು ನನಗೆ ತುಂಬಾ ಮುಜುಗರವಾಯಿತು. ಕೇಳಿದ್ದೇ ಒಳ್ಳೆಯದಾಯಿತು. ಬಂದ ಪತ್ರದಲ್ಲಿ ಒಂದೇ ಊರು, ಒಂದೇ ಪ್ರದರ್ಶನ, ಕೊನೆಯ ದೃಶ್ಯ ಕತ್ತರಿಸಬಾರದು ಅಂತ ಸ್ಪಷ್ಟವಾಗಿತ್ತು. ನಮ್ಮ ನಿರ್ದೇಶಕರು ಆ ಕೊನೆಯ ದೃಶ್ಯವನ್ನೇ ಅರ್ಧ ಮಾಡಲು ಹೊರಟಿದ್ದರು! ಗೌರವಧನ ಅಂತ 2,000 ರೂಪಾಯಿ ಕಳಿಸಿದೆವು. ನಾಟಕಕಾರರು ತೀರಿಕೊಂಡಿದ್ದರೆ ಹಕ್ಕು ಅಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡಿ. ಅವರು ತೀರಿಕೊಂಡ ಮುಂದಿನ ವರ್ಷದ ಆರಂಭದಿಂದ 60 ವರ್ಷ ಅದು ಇರುತ್ತದೆ. ಸಾಮಾನ್ಯವಾಗಿ ವಾರಸುದಾರರನ್ನು ಕೇಳಬೇಕು.

ದೃಶ್ಯಗಳ ನಡುವೆ ಸಿನಿಮಾ ಹಾಡು ಹಾಕುವ ಆಸೆ ಹುಡುಗರಿಗಿತ್ತು. ಹಾಡಿನ ಸಾಹಿತ್ಯ ಮತ್ತು ರಾಗದ ಹಕ್ಕು ಒಂದು ಕಡೆ, ಧ್ವನಿಮುದ್ರಣದ ಹಕ್ಕು ಇನ್ನೊಂದು ಕಡೆ. ಅದನ್ನೆಲ್ಲ ಬೆನ್ನಟ್ಟುವುದಕ್ಕಿಂತ ಹಾರ್ಮೋನಿಯಂ ಮೇಷ್ಟ್ರೇ ಸಾಕು ಅಂತ ಬಿಟ್ಟೆವು. ಟಿಕೆಟ್ ಇದೆ ಅಂದಮೇಲೆ ಜಿಎಸ್‌ಟಿ ಕಟ್ಟಬೇಕಾ ಅನ್ನುವ ಭಯವೂ ಇತ್ತು. ನಾಟಕದ ಪ್ರವೇಶ ದರ ಒಬ್ಬರಿಗೆ 500 ರೂಪಾಯಿ ಮೀರದಿದ್ದರೆ ವಿನಾಯಿತಿ ಇದೆ ಅಂತ ಆಡಿಟರ್ ಹೇಳಿದ ಮೇಲೆ ಸಮಾಧಾನವಾಯಿತು.

ಇನ್ನು ಅರ್ಜಿ ಯಾರ ಹೆಸರಿನಲ್ಲಿ? ಬ್ಯಾನರಿನಲ್ಲಿ ತಂಡದ ಹೆಸರು ದೊಡ್ಡದಾಗಿ ಇರಬಹುದು. ಆದರೆ ನಮ್ಮದು ನೋಂದಣಿ ಆದ ಸಂಘ ಅಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿದ್ದರೆ ಕಾರ್ಯದರ್ಶಿಯಾಗಿ ಸಹಿ ಹಾಕಬಹುದಿತ್ತು. ಅದಿಲ್ಲದ ಕಾರಣ ಯಾರಾದರೂ ಒಬ್ಬರು ಸ್ವಂತ ಹೆಸರಿನಲ್ಲಿ ಹಾಕಬೇಕು, ಜವಾಬ್ದಾರಿಯೂ ಅವರದೇ. ಎಲ್ಲರೂ ನನ್ನ ಮುಖ ನೋಡಿದರು. ಷರತ್ತು ಮುರಿದರೆ ಠಾಣೆಗೆ ಕರೆಯುವುದು ನನ್ನನ್ನೇ ಅಂತ ಗೊತ್ತಿದ್ದೇ ಸಹಿ ಹಾಕಿದೆ. ಮನೆಯಲ್ಲಿ ಹೇಳಿದ್ದು ಮಾತ್ರ ನಾಟಕ ಮುಗಿದ ಮೇಲೆ.

ಈಗ ಮೈದಾನ. ನಮ್ಮೂರಲ್ಲಿ ದೊಡ್ಡ ಸಭಾಂಗಣ ಇಲ್ಲ, ಇರುವುದು ಪುರಸಭೆಯ ಮೈದಾನ ಒಂದೇ. ಅಲ್ಲಿನ ಕೇಸ್ ವರ್ಕರ್ ಅರ್ಜಿ ಓದಿ, "ಪೊಲೀಸ್ ಎನ್‌ಒಸಿ ತನ್ನಿ ಮೇಡಂ, ಆಮೇಲೆ ಗ್ರೌಂಡ್ ಕೊಡೋಣ" ಅಂದರು. ಠಾಣೆಗೆ ಹೋದರೆ ರೈಟರ್ (ಅಲ್ಲಿ ಕಾಗದಪತ್ರ ನೋಡಿಕೊಳ್ಳುವ ಪೊಲೀಸರು), "ಗ್ರೌಂಡ್ ಪರ್ಮಿಷನ್ ಲೆಟರ್ ಇಲ್ದೆ ಮೈಕಿಗೆ ಹೇಗೆ ಕೊಡೋದು?" ಅಂದರು. ಇಬ್ಬರೂ ಸರಿಯಾಗಿಯೇ ಹೇಳುತ್ತಿದ್ದರು, ಅದೇ ಕಷ್ಟ. ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಓಡಾಡಿದ್ದೇ ಓಡಾಡಿದ್ದು. ಒಂದು ದಿನ ಸಾಹೇಬರು ಮೀಟಿಂಗಿನಲ್ಲಿ, ಇನ್ನೊಂದು ದಿನ ಸರ್ವರ್ ಡೌನ್, ಮತ್ತೊಂದು ದಿನ ಕೇಸ್ ವರ್ಕರ್ ರಜೆ. ಪುರಸಭೆ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಒಬ್ಬರು ಪರಿಚಯ ಮಾಡಿಕೊಂಡು, "ಐದು ಸಾವಿರ ಕೊಡಿ, ಎಲ್ಲಾ ನಾನೇ ಮಾಡಿಸ್ತೀನಿ" ಅಂದರು. ಸುಸ್ತಾಗಿತ್ತು. ಒಂದು ಕ್ಷಣ ಕೊಟ್ಟುಬಿಡೋಣ ಅನ್ನಿಸಿದ್ದೂ ನಿಜ. ಕೊಡಲಿಲ್ಲ. ಆ ಹಣಕ್ಕೆ ರಸೀದಿ ಇಲ್ಲ, ನಾಳೆ ಹೆಚ್ಚುಕಮ್ಮಿ ಆದರೆ ಅವರೂ ಇರುವುದಿಲ್ಲ.

ದಾರಿ ತೋರಿಸಿದ್ದು ನಮ್ಮ ಕಳ್ಳ ವಕೀಲರೇ. "ಪೊಲೀಸ್ ಇಲಾಖೆಯ ಅನುಮತಿ ಪಡೆಯುವ ಷರತ್ತಿಗೆ ಒಳಪಟ್ಟು" ಮೈದಾನ ಕೊಡಿ ಅಂತ ಕೇಳಿ, ಅಂದರು. ಅಂದರೆ ಪುರಸಭೆ ತನ್ನ ಪಾಲಿನ ಒಪ್ಪಿಗೆ ಕೊಡುತ್ತದೆ. ಪೊಲೀಸರು ಬೇಡ ಅಂದರೆ ಅದು ತಾನಾಗಿಯೇ ಬಿದ್ದುಹೋಗುತ್ತದೆ. ಅದನ್ನೇ ಅರ್ಜಿಯಲ್ಲಿ ಬರೆದೆ. ಮುಖ್ಯಾಧಿಕಾರಿ ಓದಿ ತಲೆಯಾಡಿಸಿದರು. ಅಷ್ಟು ದಿನ ಅಲುಗದ ಫೈಲು ಅವತ್ತೇ ಮುಂದೆ ಹೋಯಿತು. ಎರಡು ಕಚೇರಿಗಳ ನಡುವೆ ಸಿಕ್ಕಿಕೊಂಡವರು ಮೊದಲು ಇದನ್ನೇ ಮಾಡಿ.

ಬಾಡಿಗೆ ದಿನಕ್ಕೆ 3,000, ಠೇವಣಿ 5,000. ಎರಡಕ್ಕೂ ಬೇರೆ ಬೇರೆ ಚಲನ್ ಮಾಡಿಸಿ. ಒಂದೇ ಚಲನ್‌ನಲ್ಲಿ ಕಟ್ಟಿದರೆ ವಾಪಸ್ ಕೇಳುವಾಗ ಯಾವುದು ಬಾಡಿಗೆ, ಯಾವುದು ಠೇವಣಿ ಅಂತ ಹುಡುಕಾಟ ಶುರುವಾಗುತ್ತದೆ. ಮಳೆಗಾಲದ ಕೊನೆ ಆದ್ದರಿಂದ ಶನಿವಾರದ ಜೊತೆಗೆ ಭಾನುವಾರವನ್ನೂ ಕಾಯ್ದಿಟ್ಟ ದಿನ ಅಂತ ಪುರಸಭೆಯ ಅರ್ಜಿಯಲ್ಲೂ ಪೊಲೀಸ್ ಅರ್ಜಿಯಲ್ಲೂ ಬರೆದಿದ್ದೆ. ಇದು ಮುಂದೆ ಕೆಲಸಕ್ಕೆ ಬಂತು, ಅರ್ಧ ಮಾತ್ರ.

ಮೈದಾನ ಸಿಕ್ಕಿತು ಅಂದಕೂಡಲೇ ತಂಡದವರು ಅದು ನಮ್ಮದೇ ಆಯಿತು ಅನ್ನುವ ಹಾಗೆ ಓಡಾಡತೊಡಗಿದರು. ಹಿಂದಿನ ದಿನವೇ ಕಂಬ ನೆಡೋಣ, ಬೇಲಿ ಬಿಚ್ಚೋಣ, ಪಕ್ಕದಲ್ಲಿ ತಿಂಡಿ ಅಂಗಡಿಗೆ ಜಾಗ ಬಾಡಿಗೆಗೆ ಕೊಡೋಣ, ಹೀಗೆ. ವಕೀಲರು ಎಲ್ಲರನ್ನೂ ಕೂರಿಸಿಕೊಂಡು ಒಂದು ಪಾಠ ಮಾಡಿದರು. 1882ರ ಅನುಭೋಗದ ಹಕ್ಕುಗಳ ಕಾಯ್ದೆಯ 52ನೇ ಕಲಂ ಪ್ರಕಾರ, ಬೇರೆಯವರ ಜಾಗದಲ್ಲಿ ಒಂದು ಕೆಲಸ ಮಾಡಲು ಮಾಲೀಕರು ಕೊಡುವ ಹಕ್ಕೇ ಲೈಸೆನ್ಸ್. ಆ ಹಕ್ಕು ಇಲ್ಲದೆ ಅದೇ ಕೆಲಸ ಮಾಡಿದರೆ ಅದು ಕಾನೂನುಬಾಹಿರ. ಆದರೆ ಅದರಿಂದ ಜಾಗದಲ್ಲಿ ನಮಗೆ ಯಾವ ಪಾಲೂ ಬರುವುದಿಲ್ಲ. ನಮಗೆ ಕೊಟ್ಟಿರುವುದು ನಾಟಕ ಆಡಲು, ಅಂಗಡಿ ಬಾಡಿಗೆಗೆ ಬಿಡಲು ಅಲ್ಲ. ಸಾಮಾನ್ಯವಾಗಿ ಕೊಟ್ಟವರು ಅದನ್ನು ವಾಪಸ್ ಕೂಡ ಪಡೆಯಬಹುದು. ತಿಂಡಿ ಅಂಗಡಿಯ ಯೋಚನೆ ಅಲ್ಲಿಗೇ ನಿಂತಿತು.

ನನ್ನ ತಲೆಯಲ್ಲಿ ಅವತ್ತು ಒಂದು ವಿಷಯ ಕೂತಿತು. ಪರ್ಮಿಷನ್ ಸಿಕ್ಕಿತು ಅಂದರೆ ಇನ್ನು ಏನು ಬೇಕಾದರೂ ಮಾಡಬಹುದು ಅಂತ ನಾವು ತಿಳಿಯುತ್ತೇವೆ. ಕಾಗದ ಹೇಳುವುದು ಅದಲ್ಲ. ಇಂಥವರು, ಇಂಥ ಜಾಗದಲ್ಲಿ, ಇಂಥ ಹೊತ್ತಿನಲ್ಲಿ, ಇಷ್ಟನ್ನು ಮಾಡಿದರೆ ತಪ್ಪಾಗುವುದಿಲ್ಲ ಅಂತ ಅಷ್ಟೇ. ಅದರಾಚೆ ಕಾಲಿಟ್ಟರೆ ಕಾಗದ ಇಲ್ಲದವರಿಗೂ ನಮಗೂ ವ್ಯತ್ಯಾಸ ಇಲ್ಲ.

ಮೈಕಿನ ಪರ್ಮಿಷನ್ನೇ ಎಲ್ಲಕ್ಕಿಂತ ಹೆಚ್ಚು ಹೊತ್ತು ತಿಂದಿದ್ದು. ವಾರ್ಡಿನ ಸದಸ್ಯರೊಬ್ಬರು "ನಾನು ಹೇಳ್ತೀನಿ ಬಿಡಿ, ಯಾರೂ ಕೇಳಲ್ಲ" ಅಂತ ಭರವಸೆ ಕೊಟ್ಟಿದ್ದರು. ಆದರೆ 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಅಂತಲೇ ಇದೆ. ಬಾಯಿ ಮಾತು ಅಲ್ಲಿ ಲೆಕ್ಕಕ್ಕಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಸಾಂಸ್ಕೃತಿಕ, ಧಾರ್ಮಿಕ ಹಬ್ಬಗಳಿಗೆ ರಾಜ್ಯ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು. ಅದು ಸರ್ಕಾರ ಮಾಡುವ ಕೆಲಸ, ಠಾಣೆಯಲ್ಲಿ ಕೇಳಿದರೆ ಸಿಗುವಂಥದ್ದಲ್ಲ. "ಮಾತಾಡೋ ಸ್ವಾತಂತ್ರ್ಯ ಇಲ್ವಾ?" ಅಂತ ನಮ್ಮ ಹುಡುಗನೊಬ್ಬ ಕೇಳಿದ. ಇದೆ. ಆದರೆ ಮೈಕಿನಲ್ಲಿ ಕೂಗಿ, ಬೇಡದವರ ಕಿವಿಗೂ ತುಂಬುವುದು ಮೂಲಭೂತ ಹಕ್ಕಲ್ಲ ಅಂತ ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿದೆ.

ಠಾಣೆಯಲ್ಲಿ ಕೇಳಿದ್ದು ಇಷ್ಟು: ಅರ್ಜಿ, ನನ್ನ ಆಧಾರ್ ಪ್ರತಿ, ಪುರಸಭೆಯ ಪತ್ರ, ಸೌಂಡ್ ಸಿಸ್ಟಂ ಮಾಲೀಕರ ಹೆಸರು ಮತ್ತು ನಂಬರ್, ಎಷ್ಟು ಸ್ಪೀಕರ್, ಎಷ್ಟು ಜನ ಬರಬಹುದು, ಸ್ವಯಂಸೇವಕರ ಪಟ್ಟಿ. ಜೊತೆಗೆ ನಾಟಕದ ಪ್ರತಿಯನ್ನೂ ಕೇಳಿದರು. ಬ್ರಿಟಿಷರ ಕಾಲದ 1876ರ ನಾಟಕ ಪ್ರದರ್ಶನ ಕಾಯ್ದೆಯನ್ನು ಸಂಸತ್ತು ರದ್ದು ಮಾಡಿದೆ, ಇನ್ನೂ ಪ್ರತಿ ಯಾಕೆ ಅಂತ ಕೇಳಲು ಬಾಯಿ ತುದಿಗೆ ಬಂದಿತ್ತು. ವಕೀಲರು ಕಣ್ಣು ಬಿಟ್ಟರು, ಸುಮ್ಮನಾದೆ. ಆಮೇಲೆ ಗೊತ್ತಾಯಿತು, ರಾಜ್ಯಕ್ಕೆ 1964ರ ತನ್ನದೇ ಕಾಯ್ದೆ ಇದೆ. ಪ್ರತಿ ಕೊಟ್ಟೆ, ಅದಕ್ಕೆ ನಾಟಕಕಾರರ ಪತ್ರವನ್ನೂ ಪಿನ್ ಮಾಡಿದೆ. ಆ ಪತ್ರ ನೋಡಿದ ಮೇಲೆ ರೈಟರ್ ಧಾಟಿಯೇ ಬದಲಾಯಿತು. ಅವರು ಹೈಸ್ಕೂಲಿನಲ್ಲಿ ಅದೇ ನಾಟಕಕಾರರ ಪಾಠ ಓದಿದ್ದರಂತೆ.

ಅರ್ಜಿ ಕೊಟ್ಟ ಕೂಡಲೇ ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಸಕಾಲ, ಅಂದರೆ ಸರ್ಕಾರಿ ಸೇವೆಯನ್ನು ಗೊತ್ತಾದ ದಿನದೊಳಗೆ ಕೊಡಬೇಕು ಅನ್ನುವ ರಾಜ್ಯದ ಕಾಯ್ದೆಯ ಪಟ್ಟಿಯಲ್ಲಿರುವ ಸೇವೆಯಾದರೆ, ಜಿಎಸ್‌ಸಿ ನಂಬರ್ (ಅರ್ಜಿಯ ಸಂಖ್ಯೆ) ಇರುವ ಸ್ವೀಕೃತಿ ಕೇಳಿ. ತಡವಾದರೆ ದಿನಕ್ಕೆ 20 ರೂಪಾಯಿ, ಒಟ್ಟು 500ರವರೆಗೆ ಪರಿಹಾರ ಅಂತ ಆ ಕಾಯ್ದೆಯಲ್ಲಿದೆ. ಹಣ ಚಿಕ್ಕದು. ಆದರೆ ನಂಬರ್ ಇರುವ ಅರ್ಜಿ ಸುಲಭಕ್ಕೆ ಕಳೆದುಹೋಗುವುದಿಲ್ಲ. "ಆಗಲ್ಲ" ಅಂತ ಬಾಯಲ್ಲಿ ಹೇಳಿ ಕಳಿಸಿದರೆ, "ಹಿಂಬರಹ ಕೊಡಿ ಸರ್" ಅಂತ ಮೆಲ್ಲಗೆ ಕೇಳಿ. ಕಾರಣ ಬರೆದು ಸಹಿ ಹಾಕಬೇಕು ಅಂದಾಗ ಬಹಳಷ್ಟು "ಆಗಲ್ಲ"ಗಳು "ನೋಡೋಣ" ಆಗುತ್ತವೆ. ಮೇಲಿನವರ ಹತ್ತಿರ ಹೋಗುವುದಾದರೂ ಕೈಯಲ್ಲಿ ಆ ಹಿಂಬರಹ ಬೇಕು.

ಉತ್ತರ ಬರದಿದ್ದರೆ ಒಪ್ಪಿದ ಹಾಗೆ ಅಂತ ಕೆಲವರು ಹೇಳುತ್ತಾರೆ. ಕೆಲವು ಕಾನೂನುಗಳಲ್ಲಿ ಗಡುವು ದಾಟಿದರೆ ಅನುಮತಿ ಸಿಕ್ಕಿದೆ ಎಂದೇ ಭಾವಿಸಬೇಕು ಅಂತ ಬರೆದಿರುತ್ತದೆ. ಹಾಗೆ ಬರೆದಿರುವ ಕಡೆ ಮಾತ್ರ ಆ ಮಾತು ನಡೆಯುತ್ತದೆ. ಮೈಕಿಗೆ ಲಿಖಿತ ಅನುಮತಿ ಬೇಕು ಅಂದಮೇಲೆ ಸುಮ್ನೆ ಕಾಯುತ್ತಾ ಕೂತರೆ ಏನೂ ಹುಟ್ಟುವುದಿಲ್ಲ. ಹೋಗಿ ಕೇಳಲೇಬೇಕು.

ನಾವು ಯೋಚಿಸಿಯೇ ಇರದ ತೊಡಕು ಆಸ್ಪತ್ರೆ. ಮೈದಾನದ ಒಂದು ಮೂಲೆಯಿಂದ ಸರ್ಕಾರಿ ಆಸ್ಪತ್ರೆಯ ಕಾಂಪೌಂಡು ಹತ್ತಿರ. ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ ಕನಿಷ್ಠ 100 ಮೀಟರ್ ಜಾಗವನ್ನು ನಿಶ್ಶಬ್ದ ವಲಯ ಮಾಡಲು ನಿಯಮದಲ್ಲಿ ಅವಕಾಶ ಇದೆ. ಸ್ಥಳ ನೋಡಲು ಬಂದ ಎಎಸ್‌ಐ ಅಲ್ಲೇ ನಿಂತು, "ಇಲ್ಲಿ ಸ್ಟೇಜ್ ಹಾಕಿದ್ರೆ ನಾನು ವರದಿ ಬರೆಯಲ್ಲ" ಅಂದುಬಿಟ್ಟರು. ಹುಡುಗರಿಗೆ ಸಿಟ್ಟು ಬಂತು. ನನಗೆ ಬರಲಿಲ್ಲ. ಒಳಗೆ ಹೆರಿಗೆ ವಾರ್ಡ್ ಇದೆ, ಅವರು ಹೇಳಿದ್ದರಲ್ಲಿ ತಪ್ಪೇನಿದೆ? ಟೇಪು ಹಿಡಿದು ಅಳೆದೆವು. ರಂಗವನ್ನು ಎದುರು ತುದಿಗೆ ಸರಿಸಿ, ಸ್ಪೀಕರಿನ ಬೆನ್ನು ಆಸ್ಪತ್ರೆ ಕಡೆಗೆ ಬರುವಂತೆ ನಕ್ಷೆ ಬರೆದು ಕೊಟ್ಟೆವು. ಕೈಯಲ್ಲಿ ಬರೆದ ನಕ್ಷೆಯೇ ಸಾಕಾಯಿತು.

ಕೊನೆಗೆ ಡಿವೈಎಸ್‌ಪಿ ಕಚೇರಿಯಿಂದ ಆದೇಶ ಬಂತು. ಖುಷಿಯಲ್ಲಿ ಯಾರೂ ಎರಡನೇ ಪುಟ ತಿರುಗಿಸಲಿಲ್ಲ, ಆದರೆ ಇದ್ದದ್ದೆಲ್ಲ ಅಲ್ಲೇ. ಸಂಜೆ 6ರಿಂದ 10, ಹಾರ್ನ್ ಕಟ್ಟಬಾರದು, ಬಾಕ್ಸ್ ಮಾತ್ರ, ರಸ್ತೆಗೆ ಅಡ್ಡಿ ಆಗಬಾರದು, ಆಂಬುಲೆನ್ಸ್ ದಾರಿ ಖಾಲಿ ಇರಬೇಕು, ಕಾನೂನು ಸುವ್ಯವಸ್ಥೆಗೆ ತೊಂದರೆ ಕಂಡರೆ ಯಾವಾಗ ಬೇಕಾದರೂ ರದ್ದು. ಸೌಂಡಿನವರಿಗೆ ಒಂದು ಜೆರಾಕ್ಸ್ ಕೊಟ್ಟು ಓದಿಸಿದೆವು. ಸಾರ್ವಜನಿಕ ಸ್ಥಳದ ಅಂಚಿನಲ್ಲಿ ಶಬ್ದ ಆ ಪ್ರದೇಶದ ಮಿತಿಗಿಂತ 10 ಡೆಸಿಬೆಲ್ (ಶಬ್ದದ ಅಳತೆ) ಹೆಚ್ಚು ಅಥವಾ ಒಟ್ಟು 75 ಡೆಸಿಬೆಲ್, ಇವೆರಡರಲ್ಲಿ ಕಡಿಮೆ ಇರುವುದನ್ನು ದಾಟಬಾರದು. ವಾಸದ ಪ್ರದೇಶದ ಹಗಲಿನ ಮಿತಿ 55. ನಿಯಮದ ಪ್ರಕಾರ ಹಗಲು ಅಂದರೆ ರಾತ್ರಿ 10ರವರೆಗೆ. ಹಾಗಾಗಿ ನಮಗೆ 65. ಸೌಂಡಿನವರು ಮೊಬೈಲಿನಲ್ಲಿ ಮೀಟರ್ ಆ್ಯಪ್ ಹಾಕಿಕೊಂಡು ನೋಡಿದರು. ಅದು ಸರ್ಕಾರಿ ಲೆಕ್ಕಕ್ಕೆ ನಡೆಯದು, ನಮ್ಮ ಅಂದಾಜಿಗೆ ಆಯಿತು.

ಕರೆಂಟಿನದ್ದು ಬೇಗ ಮುಗಿಯಿತು. ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಮೂಲಕ ತಾತ್ಕಾಲಿಕ ಸಂಪರ್ಕಕ್ಕೆ ಅರ್ಜಿ, ಪುರಸಭೆ ಪತ್ರದ ಪ್ರತಿ, ಮುಂಗಡ ಹಣ, ಅಷ್ಟೇ. "ಕಂಬಕ್ಕೆ ಕೊಕ್ಕೆ ಹಾಕಿದ್ರೆ ಆಯ್ತು" ಅನ್ನುವ ಸಲಹೆ ನಿಮಗೂ ಬರುತ್ತದೆ. 2003ರ ವಿದ್ಯುತ್ ಕಾಯ್ದೆಯ 135ನೇ ಕಲಮಿನಲ್ಲಿ ಅದಕ್ಕೆ ಕಳ್ಳತನ ಅಂತಲೇ ಹೆಸರು.

ಶನಿವಾರ ಮಧ್ಯಾಹ್ನ ಮಳೆ ಸುರಿಯಿತು. ಮೈದಾನದಲ್ಲಿ ಪಾದ ಮುಳುಗುವಷ್ಟು ನೀರು. ಪುರಸಭೆ ಪತ್ರದಲ್ಲಿ ಭಾನುವಾರ ಇದೆ, ಪೊಲೀಸ್ ಆದೇಶದಲ್ಲಿ ಶನಿವಾರ ಒಂದೇ. ಅರ್ಜಿಯಲ್ಲಿ ಎರಡೂ ಬರೆದಿದ್ದರೂ ಅವರು ಕೊಟ್ಟದ್ದು ಒಂದಕ್ಕೆ. ತಂಡದ ಹಿರಿಯರು, "ಪರ್ಮಿಷನ್ ಇದೆಯಲ್ಲಮ್ಮ, ನಾಳೆ ಆಡಿದರಾಯಿತು" ಅಂದರು. "ಅಣ್ಣಾ, ಅದು ಇವತ್ತು ರಾತ್ರಿ ಹತ್ತಕ್ಕೆ ತೀರಿಹೋಗತ್ತೆ" ಅಂದೆ. ಅವತ್ತು ಸಂಜೆಯೇ ಹೊಸ ಅರ್ಜಿ ಕೊಟ್ಟೆವು. ಹಳೆಯ ಆದೇಶ, ಎರಡೂ ದಿನ ಇರುವ ಹಳೆಯ ಅರ್ಜಿಯ ಸೀಲು ಹಾಕಿದ ಪ್ರತಿ, ಪುರಸಭೆ ಪತ್ರ, ಮೂರನ್ನೂ ಲಗತ್ತಿಸಿದೆವು. ಸಾಹೇಬರು ಬಂದೋಬಸ್ತಿಗೆ ಬೇರೆ ಊರಿಗೆ ಹೋಗಿದ್ದರು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಟಿಕೆಟ್ ತೆಗೆದುಕೊಂಡವರಿಗೆಲ್ಲ ಭಾನುವಾರ ಅಂತ ಮೆಸೇಜು ಹೋಗಿದೆ, ಕೈಯಲ್ಲಿ ಕಾಗದ ಇಲ್ಲ. ಭಾನುವಾರ ಸಂಜೆ ನಾಲ್ಕರ ಹೊತ್ತಿಗೆ ರೈಟರ್ ಫೋನ್ ಮಾಡಿದರು: "ಬಂದು ತಗೊಂಡು ಹೋಗಿ ಮೇಡಂ, ಸಹಿ ಆಗಿದೆ." ತಾರೀಖು ಸರಿಯಾಗಿದೆಯಾ ಅಂತ ಅಲ್ಲೇ ಎರಡು ಸಲ ಓದಿದೆ.

ಸನ್ಮಾನ, ಭಾಷಣ ಎಲ್ಲ ಕತ್ತರಿಸಿದೆವು. ಮುಖ್ಯ ಅತಿಥಿಗಳು ಸ್ವಲ್ಪ ಮುನಿಸಿಕೊಂಡರು. ಆರೂವರೆಗೆ ಪರದೆ ಎದ್ದಿತು. ಕೊನೆಯ ದೃಶ್ಯ ಪೂರ್ತಿ ಆಯಿತು, ಹತ್ತಕ್ಕೆ ಮೊದಲೇ ಮಂಗಳ. ಕಾವಲಿಗೆ ಬಂದಿದ್ದ ಕಾನ್‌ಸ್ಟೆಬಲ್ ಒಬ್ಬರು ಕಳ್ಳನ ಪಾತ್ರ ಚೆನ್ನಾಗಿತ್ತು ಅಂದರು.

ಠೇವಣಿ ಇನ್ನೂ ಬಂದಿಲ್ಲ. ಮೈದಾನ ಸ್ವಚ್ಛ ಮಾಡಿದ ಫೋಟೋ, ಆರೋಗ್ಯ ನಿರೀಕ್ಷಕರ ವರದಿ, ಮೂಲ ಚಲನ್, ಪಾಸ್‌ಬುಕ್ಕಿನ ಪ್ರತಿ ಕೊಟ್ಟಿದ್ದೇವೆ. ಕಂಬ ನೆಟ್ಟ ಗುಂಡಿ ಮುಚ್ಚಿಲ್ಲ ಅಂತ ಒಮ್ಮೆ ವಾಪಸ್ ಕಳಿಸಿದರು, ಮುಚ್ಚಿ ಮತ್ತೆ ಫೋಟೋ ಕೊಟ್ಟೆವು. ಹಣ ಬರುವುದು ಅರ್ಜಿದಾರರ ಖಾತೆಗೇ, ತಂಡದ ಖಜಾಂಚಿ ಖಾತೆಗೆ ಅಲ್ಲ. ಹಾಗಾಗಿ ಸಹಿ ಹಾಕುವವರು ಮೊದಲೇ ತಮ್ಮ ಪಾಸ್‌ಬುಕ್ಕಿನ ಹೆಸರು ಮತ್ತು ಆಧಾರಿನ ಹೆಸರು ಒಂದೇ ಇದೆಯಾ ನೋಡಿಕೊಳ್ಳಿ. ನನ್ನದರಲ್ಲಿ ಇನಿಷಿಯಲ್ ಹಿಂದೆ ಮುಂದೆ ಇದೆ, ನಾಳೆ ಅದಕ್ಕೊಂದು ಅಫಿಡವಿಟ್ ಮಾಡಿಸಲು ಹೋಗಬೇಕು.